ಪೋಷಕ–ಶಿಕ್ಷಕ ಸಂಘ ಹುಟ್ಟಿದ್ದು ಎಲ್ಲಿ, ಯಾಕೆ, ಯಾರಿಂದ? ಪದೇ ಪದೇ ಕೇಳುವ ಪ್ರಶ್ನೆಗಳು

ಪಿಟಿಎ, ಅಂದರೆ ಪೋಷಕ–ಶಿಕ್ಷಕ ಸಂಘ, ಅಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಮಾರ್ಕ್ಸ್ ಕಾರ್ಡ್, ಒಂದು ಸಹಿ, "ಮನೇಲಿ ಸ್ವಲ್ಪ ಓದಿಸಿ" ಅನ್ನುವ ಮಾತು. ಆದರೆ ಈ ಸಂಘ ಹುಟ್ಟಿದ್ದು ಮಾರ್ಕ್ಸ್ ನೋಡೋಕಲ್ಲ. ನಮ್ಮ ಮಗು ಮಾತ್ರವಲ್ಲ, ಊರಿನ ಎಲ್ಲ ಮಕ್ಕಳ ಸಲುವಾಗಿ ಸರ್ಕಾರವನ್ನು, ಶಾಲೆಯನ್ನು ಪ್ರಶ್ನೆ ಕೇಳೋಕೆ. ಆ ಕಥೆ ದೊಡ್ಡದು, ಅದರಲ್ಲಿ ಹೆಮ್ಮೆಪಡುವಂಥದ್ದೂ ಇದೆ, ನಾಚಿಕೆಪಡುವಂಥದ್ದೂ ಇದೆ. ಪರಿಚಯದ ಪೋಷಕರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನೇ ಹಿಡಿದುಕೊಂಡು ಬರೆದಿದ್ದೇನೆ.

ಮೊದಲು ಶುರುವಾಗಿದ್ದು ಎಲ್ಲಿ, ಯಾವಾಗ?

ಶಾಲೆಗೊಂದು ಪೋಷಕರ ಗುಂಪು ಅಲ್ಲಿ ಇಲ್ಲಿ ಮೊದಲೂ ಇತ್ತು. ದೇಶವ್ಯಾಪಿ ಸಂಘಟನೆಯಾಗಿ ಗಟ್ಟಿಯಾಗಿ ನಿಂತಿದ್ದು ಅಮೆರಿಕದಲ್ಲಿ. 1897ರ ಫೆಬ್ರವರಿ 17ರಂದು ವಾಷಿಂಗ್ಟನ್‌ನಲ್ಲಿ ತಾಯಂದಿರ ರಾಷ್ಟ್ರೀಯ ಕಾಂಗ್ರೆಸ್ ಅನ್ನುವ ಹೆಸರಿನಲ್ಲಿ ಒಂದು ಸಮಾವೇಶ ನಡೆಯಿತು. ಕೆಲವು ನೂರು ಜನ ಬಂದರೆ ಜಾಸ್ತಿ ಅಂದುಕೊಂಡಿದ್ದ ಕಡೆ ಎರಡು ಸಾವಿರಕ್ಕೂ ಹೆಚ್ಚು ಜನ ಬಂದರು. ತಾಯಂದಿರೇ ಹೆಚ್ಚು, ಆದರೆ ಅಪ್ಪಂದಿರು, ಶಿಕ್ಷಕರು, ಜನಪ್ರತಿನಿಧಿಗಳೂ ಇದ್ದರು. ಇವತ್ತಿಗೂ ಅಲ್ಲಿ ಪಿಟಿಎ ಸಂಸ್ಥಾಪನಾ ದಿನ ಅಂತ ಫೆಬ್ರವರಿ 17ನ್ನೇ ಆಚರಿಸುತ್ತಾರೆ.

ಒಂದು ವಿಷಯ ಗಮನಿಸಿ. 1897ರಲ್ಲಿ ಅಮೆರಿಕದ ನಾಲ್ಕೇ ನಾಲ್ಕು ರಾಜ್ಯಗಳಲ್ಲಿ ಹೆಂಗಸರಿಗೆ ಪೂರ್ತಿ ಮತದಾನದ ಹಕ್ಕಿತ್ತು. ದೇಶಕ್ಕೆಲ್ಲ ಆ ಹಕ್ಕು ಬಂದಿದ್ದು 1920ರಲ್ಲಿ. ಅಂದರೆ ಓಟು ಹಾಕೋಕೆ ಆಗದ ಹೆಂಗಸರು ರಾಜಧಾನಿಗೆ ಹೋಗಿ, ಮಕ್ಕಳಿಗೆ ಇಂಥಿಂಥ ಕಾನೂನು ಬೇಕು ಅಂತ ಕೇಳಿದ್ದು. ನನಗೆ ಈ ಇಡೀ ಚರಿತ್ರೆಯಲ್ಲಿ ತುಂಬಾ ಇಷ್ಟವಾದ ಸಂಗತಿ ಇದೇ.

ಇದರ ಹಿಂದೆ ಇದ್ದವರು ಯಾರು?

ಇಬ್ಬರು. ಒಬ್ಬರು ಆಲಿಸ್ ಮೆಕ್‌ಲೆಲ್ಲನ್ ಬರ್ನಿ, 1858ರಲ್ಲಿ ಜಾರ್ಜಿಯಾದ ಮೇರಿಯೆಟ್ಟಾದಲ್ಲಿ ಹುಟ್ಟಿದವರು, ಮೂರು ಹೆಣ್ಣುಮಕ್ಕಳ ತಾಯಿ. ಮಕ್ಕಳನ್ನು ಬೆಳೆಸುವುದು ಮನೆಯೊಳಗಿನ ಸಂಗತಿ ಅಂತ ಎಲ್ಲರೂ ಅಂದುಕೊಂಡಿದ್ದ ಕಾಲದಲ್ಲಿ, ಇದನ್ನು ಕಲಿಯಬೇಕು, ಕಲಿಸಬೇಕು, ಇದಕ್ಕೆ ದೇಶ ಜವಾಬ್ದಾರಿ ಹೊರಬೇಕು ಅಂತ ಅವರು ವಾದಿಸಿದರು. 1895ರಲ್ಲಿ ನ್ಯೂಯಾರ್ಕ್ ರಾಜ್ಯದ ಶೌಟಾಕ್ವಾದಲ್ಲಿ ಮೊದಲ ಸಲ ಈ ಯೋಚನೆಯನ್ನು ಜನರ ಮುಂದಿಟ್ಟರು. ಕೇಳಿದವರು ಒಪ್ಪಿದರು, ಆದರೆ ಸಮಾವೇಶ ಮಾಡೋಕೆ ದುಡ್ಡು ಬೇಕಲ್ಲ?

ಆಗ ಬಂದವರು ಫೀಬಿ ಆಪರ್ಸನ್ ಹರ್ಸ್ಟ್. ಮಿಸೌರಿಯಲ್ಲಿ ಶಾಲಾ ಶಿಕ್ಷಕಿಯಾಗಿದ್ದವರು, ಆಮೇಲೆ ಗಣಿ ಉದ್ಯಮದಲ್ಲಿ ಭಾರಿ ಹಣ ಮಾಡಿ ಮುಂದೆ ಸೆನೆಟರ್ ಕೂಡ ಆದವರೊಬ್ಬರನ್ನು ಮದುವೆಯಾದರು. ಗಂಡ ತೀರಿಕೊಂಡ ಮೇಲೆ ಆ ಆಸ್ತಿಯನ್ನು ಕಿಂಡರ್‌ಗಾರ್ಟನ್‌ಗಳಿಗೆ, ಶಿಕ್ಷಕಿಯರ ತರಬೇತಿಗೆ ಧಾರಾಳವಾಗಿ ಕೊಟ್ಟರು. ಯೋಚನೆ ಬರ್ನಿಯವರದು, ಹಣಕಾಸಿನ ಬೆನ್ನೆಲುಬು ಹರ್ಸ್ಟ್ ಅವರದು. ಬರ್ನಿ ಮೊದಲ ಅಧ್ಯಕ್ಷೆಯಾಗಿ 1902ರವರೆಗೆ ಇದ್ದರು, 1907ರಲ್ಲಿ ತೀರಿಕೊಂಡರು.

ಬರೀ ತಾಯಂದಿರ ಸಂಘವಾಗಿದ್ದರೆ ಶಿಕ್ಷಕರು ಯಾವಾಗ ಸೇರಿದರು?

ಶುರುವಿನಿಂದಲೂ ಇದ್ದರು, ಹೆಸರಿನಲ್ಲಿ ಇರಲಿಲ್ಲ ಅಷ್ಟೆ. 1908ರಲ್ಲಿ ಸಂಘದ ಹೆಸರಿಗೆ ಪೋಷಕ–ಶಿಕ್ಷಕ ಸಂಘಗಳು ಅನ್ನುವುದೂ ಸೇರಿತು. 1924ರಲ್ಲಿ 'ತಾಯಂದಿರು' ಅನ್ನುವುದನ್ನು ಬಿಟ್ಟು ಪೋಷಕರ ಮತ್ತು ಶಿಕ್ಷಕರ ರಾಷ್ಟ್ರೀಯ ಕಾಂಗ್ರೆಸ್ ಅಂತ ಮಾಡಿದರು. ಅಪ್ಪಂದಿರಿಗೂ ಜಾಗವಾಯಿತು. ಆದರೂ ರಾಷ್ಟ್ರೀಯ ಪಿಟಿಎಗೆ ಮೊದಲ ಬಾರಿ ಗಂಡಸೊಬ್ಬರು ಅಧ್ಯಕ್ಷರಾಗಿದ್ದು 2009ರಲ್ಲಿ! ಅಲ್ಲಿಯವರೆಗೂ ಈ ಸಂಘವನ್ನು ಹೊತ್ತು ನಡೆಸಿದ್ದು ಹೆಂಗಸರೇ.

ಆಗಿನ ಕಾಲದಲ್ಲಿ ಅವರು ಮಾಡಿದ್ದೇನು? ಬರೀ ಭಾಷಣವಾ?

ಅಲ್ಲವೇ ಅಲ್ಲ. ಒಂದು ಉದಾಹರಣೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

1899ರಲ್ಲಿ ಫಿಲಡೆಲ್ಫಿಯಾದಲ್ಲಿ ಎಂಟು ವರ್ಷದ ಹುಡುಗಿಯೊಬ್ಬಳು ಮನೆಗೆ ಬೆಂಕಿ ಹಚ್ಚಿದ ಆರೋಪದಲ್ಲಿ ಸೆರೆಮನೆ ಸೇರಿದಳು. ಆಗ ಮಕ್ಕಳಿಗೆ ಅಂತ ಬೇರೆ ನ್ಯಾಯಾಲಯ ಅಲ್ಲಿರಲಿಲ್ಲ, ದೊಡ್ಡ ಅಪರಾಧಿಗಳ ಜೊತೆಯಲ್ಲೇ ಮಕ್ಕಳನ್ನೂ ಹಾಕುತ್ತಿದ್ದರು. ಆ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದ ಹ್ಯಾನಾ ಕೆಂಟ್ ಶಾಫ್ ಎಂಬ ತಾಯಿ ಸುಮ್ಮನೆ ಕೂರಲಿಲ್ಲ. ನ್ಯಾಯಾಧೀಶರನ್ನು ಹಿಡಿದು ಹುಡುಗಿಯನ್ನು ಬಿಡಿಸಿ ಒಂದು ಮನೆಯಲ್ಲಿ ಬೆಳೆಯಲು ಏರ್ಪಾಡು ಮಾಡಿದರು. ಅಷ್ಟಕ್ಕೇ ನಿಲ್ಲಿಸದೆ, ಇಂಥ ಮಕ್ಕಳು ಇನ್ನೆಷ್ಟಿದ್ದಾರೆ ಅಂತ ಹುಡುಕಿಕೊಂಡು ಹೋದರು. ಬೇರೆ ಬೇರೆ ರಾಜ್ಯಗಳ ಕಾನೂನು ತರಿಸಿ ಓದಿಸಿದರು. 1901ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಮಕ್ಕಳ ನ್ಯಾಯಾಲಯದ ಕಾನೂನು ಬಂತು. ಇದೇ ಶಾಫ್ ಮುಂದಿನ ವರ್ಷ ತಾಯಂದಿರ ಕಾಂಗ್ರೆಸ್‌ಗೆ ಅಧ್ಯಕ್ಷೆಯಾಗಿ 1920ರವರೆಗೆ ಅದನ್ನು ನಡೆಸಿದರು, ಬೇರೆ ರಾಜ್ಯಗಳಲ್ಲೂ ಅಂಥ ನ್ಯಾಯಾಲಯಗಳಿಗಾಗಿ ಓಡಾಡಿದರು.

ಇನ್ನೊಂದು, ವಿಧವಾ ತಾಯಂದಿರ ಪಿಂಚಣಿ. ಗಂಡ ಸತ್ತು ದುಡಿಮೆ ಇಲ್ಲದ ತಾಯಿ ಬಡತನದ ಕಾರಣಕ್ಕೇ ಮಕ್ಕಳನ್ನು ಅನಾಥಾಲಯಕ್ಕೆ ಬಿಡಬೇಕಾಗುತ್ತಿತ್ತು. ತಾಯಿ ಇದ್ದೂ ಮಗು ಅನಾಥ! ಇದನ್ನು ತಪ್ಪಿಸಲು ಸರ್ಕಾರವೇ ತಾಯಿಗೆ ತಿಂಗಳ ಸಹಾಯಧನ ಕೊಡಬೇಕು ಅಂತ ಹಳ್ಳಿಹಳ್ಳಿಯ ಘಟಕಗಳು ಕೇಳಿದವು. 1911ರಲ್ಲಿ ಇಲಿನಾಯ್ ರಾಜ್ಯದಲ್ಲಿ ಶುರುವಾದ ಈ ಕಾನೂನು 1920ರ ಹೊತ್ತಿಗೆ 40 ರಾಜ್ಯಗಳಿಗೆ ಹಬ್ಬಿತು. ಇದರ ಜೊತೆಗೆ ಬಾಲಕಾರ್ಮಿಕ ಪದ್ಧತಿ ವಿರುದ್ಧ ಹೋರಾಟ, 1912ರಲ್ಲಿ ಬಂದ ಮಕ್ಕಳ ಕಲ್ಯಾಣದ ಕೇಂದ್ರ ಇಲಾಖೆಗೆ ಬೆಂಬಲ, 1921ರ ತಾಯಿ–ಶಿಶು ಆರೋಗ್ಯ ಕಾಯ್ದೆಗೆ ಬೆಂಬಲ, ಕಿಂಡರ್‌ಗಾರ್ಟನ್ ಬೇಕು ಅನ್ನುವ ಒತ್ತಾಯ, ಹೀಗೆ ಪಟ್ಟಿ ಉದ್ದವಿದೆ.

1925ರಲ್ಲಿ ಶುರುವಾದ ಒಂದು ಆರೋಗ್ಯ ಕಾರ್ಯಕ್ರಮ ನೋಡಿದರೆ ಅವರ ಕೆಲಸದ ರೀತಿ ಗೊತ್ತಾಗುತ್ತದೆ. ಒಂದನೇ ಕ್ಲಾಸಿಗೆ ಸೇರಲಿರುವ ಮಕ್ಕಳನ್ನು ಬೇಸಿಗೆ ರಜೆಗೂ ಮೊದಲೇ ಪಟ್ಟಿ ಮಾಡಿ, ಕಣ್ಣು, ಕಿವಿ, ಹಲ್ಲು, ಗಂಟಲು ಎಲ್ಲ ವೈದ್ಯರಿಂದ ನೋಡಿಸುತ್ತಿದ್ದರು. ತೊಂದರೆ ಕಂಡರೆ ರಜೆಯಲ್ಲೇ ಚಿಕಿತ್ಸೆ. ಶಾಲೆ ಶುರುವಾಗುವ ಹೊತ್ತಿಗೆ ಮಗು ಬೋರ್ಡ್ ಮೇಲಿನ ಅಕ್ಷರ ಕಾಣುವ ಸ್ಥಿತಿಯಲ್ಲಿ ಇರಬೇಕು, ಅಷ್ಟೆ ಉದ್ದೇಶ. ಎಷ್ಟು ಸರಳ ಯೋಚನೆ, ಅಲ್ವಾ? ಮುಂದೆ 1954ರಲ್ಲಿ ಪೋಲಿಯೊ ಲಸಿಕೆಯ ದೊಡ್ಡ ಪ್ರಯೋಗ ನಡೆದಾಗಲೂ ಸ್ವಯಂಸೇವಕರಾಗಿ ನಿಂತವರಲ್ಲಿ ಪಿಟಿಎ ತಾಯಂದಿರು ತುಂಬಾ ಜನ ಇದ್ದರು.

ಎಲ್ಲ ಮಕ್ಕಳಿಗಾಗಿ ಅಂತೀರಿ. ಕಪ್ಪು ಜನರ ಮಕ್ಕಳಿಗೂನಾ?

ಈ ಪ್ರಶ್ನೆ ಕೇಳಲೇಬೇಕು. ಈ ಚರಿತ್ರೆಯಲ್ಲಿ ನಾಚಿಕೆಪಡುವ ಭಾಗ ಅಂದೆನಲ್ಲ, ಅದು ಇದೇ.

ತಾಯಂದಿರ ಕಾಂಗ್ರೆಸ್ ಹುಟ್ಟುವ ಒಂದು ವರ್ಷ ಮೊದಲು, 1896ರಲ್ಲಿ, ಬಿಳಿಯರಿಗೂ ಕಪ್ಪು ಜನರಿಗೂ ಬೇರೆ ಬೇರೆ ವ್ಯವಸ್ಥೆ ಇರಬಹುದು ಅಂತ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತ್ತು. ದಕ್ಷಿಣದ ರಾಜ್ಯಗಳಲ್ಲಿ ಶಾಲೆಗಳು ಪೂರ್ತಿ ಬೇರೆ ಬೇರೆ. ಹಾಗಾಗಿ ಪಿಟಿಎ ಕೂಡ ಬೇರೆಯೇ ಆಯಿತು. ಎಲ್ಲ ಮಕ್ಕಳಿಗಾಗಿ ಅಂತ ಹೇಳಿಕೊಂಡ ಸಂಘಟನೆ ದಕ್ಷಿಣದಲ್ಲಿ ಕಪ್ಪು ಮಕ್ಕಳನ್ನು ಹೊರಗಿಟ್ಟ ವ್ಯವಸ್ಥೆಯ ಜೊತೆ ಹೊಂದಿಕೊಂಡು ಹೋಯಿತು.

ಆಗ ಅಟ್ಲಾಂಟಾದಲ್ಲಿದ್ದವರು ಸೆಲೀನಾ ಸ್ಲೋನ್ ಬಟ್ಲರ್. ಜಾರ್ಜಿಯಾದ ಥಾಮಸ್‌ವಿಲ್‌ನವರು, 1888ರಲ್ಲಿ ಕಪ್ಪು ಹೆಣ್ಣುಮಕ್ಕಳ ವಿದ್ಯಾಸಂಸ್ಥೆಯಾದ ಸ್ಪೆಲ್ಮನ್‌ನಲ್ಲಿ ಓದು ಮುಗಿಸಿದವರು. ಗಂಡ ವೈದ್ಯರು. ಅವರ ಮಗ ಚಿಕ್ಕವನಿದ್ದಾಗ ಕಪ್ಪು ಮಕ್ಕಳಿಗೆ ಹತ್ತಿರದಲ್ಲಿ ಶಿಶುವಿಹಾರವೇ ಇರಲಿಲ್ಲ. ಬಟ್ಲರ್ ತಮ್ಮ ಮನೆಯ ಹಜಾರದಲ್ಲೇ ಒಂದನ್ನು ತೆರೆದರು, ಅಕ್ಕಪಕ್ಕದ ಮಕ್ಕಳನ್ನೂ ಕೂರಿಸಿಕೊಂಡರು. ಮಗ ಯಾಂಗ್ ಸ್ಟ್ರೀಟ್ ಶಾಲೆಗೆ ಹೋಗಲು ಶುರುಮಾಡಿದಾಗ ತಾಯಿಯೂ ಅಲ್ಲಿಗೆ ಹೋಗಿ ಬೇರೆ ಪೋಷಕರನ್ನು ಸೇರಿಸಿ 1911ರಲ್ಲಿ ಪೋಷಕ–ಶಿಕ್ಷಕ ಸಂಘ ಕಟ್ಟಿದರು. ಕಪ್ಪು ಜನರ ಮೊದಲ ಪಿಟಿಎ ಅಂತ ಇದನ್ನೇ ಗುರುತಿಸುತ್ತಾರೆ.

ಆಗಿನ ಅಟ್ಲಾಂಟಾದ ಸ್ಥಿತಿ ಗೊತ್ತಾಗಬೇಕಾದರೆ ಒಂದು ಮಾತು ಸಾಕು. ಆ ನಗರದಲ್ಲಿ ಕಪ್ಪು ಮಕ್ಕಳಿಗೆ ಸರ್ಕಾರಿ ಹೈಸ್ಕೂಲ್ ಬಂದಿದ್ದು 1924ರಲ್ಲಿ. ಅಲ್ಲಿಯವರೆಗೆ ಏಳನೆಯದೋ ಎಂಟನೆಯದೋ ಮುಗಿಸಿದ ಮಗುವಿಗೆ ಮುಂದೆ ಸರ್ಕಾರದ ಕಡೆಯಿಂದ ದಾರಿ ಇರಲಿಲ್ಲ. ಪ್ರಾಥಮಿಕ ಶಾಲೆಗಳಲ್ಲಿ ಜಾಗ ಸಾಲದೆ ಬೆಳಗ್ಗೆ ಒಂದು ಪಾಳಿ, ಮಧ್ಯಾಹ್ನ ಒಂದು ಪಾಳಿ. ಇಂಥ ಕಡೆ ಪೋಷಕರ ಸಂಘ ಅಂದರೆ ಉಳಿದವರ ಹಾಗೆ ಸಭೆ ಸೇರಿ ಚಹಾ ಕುಡಿಯುವ ಸಂಘವಾಗಿರಲು ಸಾಧ್ಯವೇ ಇರಲಿಲ್ಲ. ತೆರಿಗೆಯನ್ನೂ ಕಟ್ಟಿ, ಆ ತೆರಿಗೆಯಿಂದ ತಮ್ಮ ಮಕ್ಕಳಿಗೆ ಬರದಿದ್ದ ಸೌಲಭ್ಯಕ್ಕೆ ಮತ್ತೆ ಕೈಯಿಂದ ದುಡ್ಡು ಹಾಕಬೇಕಿತ್ತು. ದಕ್ಷಿಣದ ಹಳ್ಳಿಗಳಲ್ಲಿ 1912ರಿಂದ 1932ರೊಳಗೆ ಒಬ್ಬ ಉದ್ಯಮಿಯ ದಾನದ ನೆರವಿನಿಂದ ಕಪ್ಪು ಮಕ್ಕಳಿಗಾಗಿ ಸುಮಾರು 5,000 ರೋಸೆನ್‌ವಾಲ್ಡ್ ಶಾಲೆಗಳು ಎದ್ದಾಗಲೂ ದಾನಿಯ ಹಣದ ಜೊತೆ ಊರಿನ ಕಪ್ಪು ಕುಟುಂಬಗಳ ಹಣ, ದುಡಿಮೆ ಎರಡೂ ಸೇರಿತ್ತು.

1926ರಲ್ಲಿ ಬಟ್ಲರ್ ಕಪ್ಪು ಪೋಷಕರ ಮತ್ತು ಶಿಕ್ಷಕರ ರಾಷ್ಟ್ರೀಯ ಕಾಂಗ್ರೆಸ್ ಸ್ಥಾಪಿಸಿದರು. ಬಿಳಿಯರ ಸಂಘದ ಜೊತೆ ಜಗಳವಾಡದೆ, ಅದರ ಜೊತೆಗೇ ಹೆಜ್ಜೆ ಹಾಕುತ್ತಾ, ಪಕ್ಕದಲ್ಲಿ ತಮ್ಮದೇ ಸಂಘ ನಡೆಸುವ ದಾರಿ ಹಿಡಿದರು. ಆ ದಾರಿಯನ್ನು ಇವತ್ತು ಟೀಕಿಸುವವರೂ ಇದ್ದಾರೆ. ಶಾಲೆಯ ಬಾಗಿಲೇ ಬೇರೆಯಾಗಿದ್ದ ಊರಿನಲ್ಲಿ ಅವರಿಗೆ ಸಿಕ್ಕ ಜಾಗ ಅಷ್ಟೇ ಇತ್ತು ಅನ್ನುವುದು ನನ್ನ ಅಭಿಪ್ರಾಯ. ಆ ಜಾಗದಲ್ಲೇ ಅವರು ಕಟ್ಟಿದ್ದು ಸಣ್ಣದಲ್ಲ. ಅಧ್ಯಕ್ಷ ಹೂವರ್ ಕರೆದ ಮಕ್ಕಳ ಆರೋಗ್ಯದ ಶ್ವೇತಭವನ ಸಮ್ಮೇಳನದಲ್ಲಿ ಬಟ್ಲರ್ ಕೂಡ ಸದಸ್ಯರಾಗಿದ್ದರು.

ಎರಡೂ ಸಂಘಗಳು ಯಾವಾಗ ಒಂದಾದವು?

1954ರಲ್ಲಿ ಸುಪ್ರೀಂ ಕೋರ್ಟ್ ಶಾಲೆಗಳಲ್ಲಿ ಬಣ್ಣದ ಬೇರ್ಪಡೆ ಕಾನೂನುಬಾಹಿರ ಅಂತ ಹೇಳಿತು. ಪಿಟಿಎಗಳು ಒಂದಾಗಿದ್ದು 1970ರ ಜೂನ್ 22ರಂದು, ಅಟ್ಲಾಂಟಾದಲ್ಲೇ. ನಡುವೆ 16 ವರ್ಷ. ಬಟ್ಲರ್ ಅದನ್ನು ನೋಡಲಿಲ್ಲ, 1964ರಲ್ಲೇ ತೀರಿಕೊಂಡಿದ್ದರು. ಆಮೇಲೆ ಅವರನ್ನು ಬರ್ನಿ, ಹರ್ಸ್ಟ್ ಜೊತೆ ಮೂರನೇ ಸಂಸ್ಥಾಪಕಿ ಅಂತ ಅಧಿಕೃತವಾಗಿ ಒಪ್ಪಿಕೊಂಡರು.

ಒಂದಾದ ಮೇಲೆ ಎಲ್ಲವೂ ಸರಿಹೋಯಿತು ಅಂತ ಹೇಳೋಕಾಗಲ್ಲ. ಕಪ್ಪು ಸಂಘಗಳಲ್ಲಿ ಅಧ್ಯಕ್ಷೆ, ಕಾರ್ಯದರ್ಶಿ ಆಗಿದ್ದ ಎಷ್ಟೋ ಹೆಂಗಸರಿಗೆ ದೊಡ್ಡ ಸಂಘದಲ್ಲಿ ಆ ಸ್ಥಾನ ಸಿಗಲಿಲ್ಲ. ಶಾಲೆಗಳು ಒಂದಾದಾಗ ಎಷ್ಟೋ ಕಪ್ಪು ಶಾಲೆಗಳನ್ನೇ ಮುಚ್ಚಿದರು, ಅಲ್ಲಿನ ಹೆಡ್‌ಮಾಸ್ಟರ್‌ಗಳು ಕೆಲಸ ಕಳೆದುಕೊಂಡರು. ಶಾಲೆ ಮುಚ್ಚಿದಾಗ ಅದರ ಸುತ್ತ ಕಟ್ಟಿದ್ದ ಪೋಷಕರ ಬಳಗವೂ ಚದುರಿಹೋಯಿತು.

ಅಮೆರಿಕದಲ್ಲಿ ಈಗ ಪಿಟಿಎ ಮೊದಲಿನಷ್ಟು ಬಲವಾಗಿದೆಯಾ?

ಇಲ್ಲ. 1960ರ ದಶಕದ ಶುರುವಿನಲ್ಲಿ ಸುಮಾರು 1 ಕೋಟಿ 20 ಲಕ್ಷ ಸದಸ್ಯರಿದ್ದರು. ಈಗ 40 ಲಕ್ಷಕ್ಕಿಂತ ಕಡಿಮೆ. ಹೊರಗೆ ದುಡಿಯುವ ತಾಯಂದಿರು ಹೆಚ್ಚಾದರು, ಹಗಲಲ್ಲಿ ಸಭೆಗೆ ಬರೋಕೆ ಯಾರಿಗೂ ಬಿಡುವಿಲ್ಲ. ಸದಸ್ಯತ್ವದ ದುಡ್ಡಿನಲ್ಲಿ ಒಂದು ಪಾಲು ರಾಜ್ಯಕ್ಕೆ, ರಾಷ್ಟ್ರೀಯ ಸಂಘಕ್ಕೆ ಹೋಗುತ್ತದೆ. ನಮ್ಮ ಶಾಲೆಯ ದುಡ್ಡು ನಮ್ಮ ಶಾಲೆಗೇ ಇರಲಿ ಅಂತ ಅನೇಕ ಕಡೆ ಸ್ವತಂತ್ರ ಗುಂಪುಗಳನ್ನು ಮಾಡಿಕೊಂಡರು. ಇವನ್ನು ಪಿಟಿಒ, ಅಂದರೆ ಪೋಷಕ–ಶಿಕ್ಷಕ ಸಂಘಟನೆ, ಅಂತಾರೆ. ಕೆಲಸ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತದೆ, ಆದರೆ ಪಿಟಿಒಗೆ ತನ್ನ ಶಾಲೆಯ ಕಾಂಪೌಂಡ್ ದಾಟಿ ಕಾನೂನು ಕೇಳುವ ರೂಢಿ ಇಲ್ಲ.

ಇಲ್ಲೇ ಒಂದು ದೊಡ್ಡ ನಷ್ಟ ಆಯಿತು ಅನ್ನಿಸುತ್ತದೆ. ಶ್ರೀಮಂತರ ಬಡಾವಣೆಯ ಶಾಲೆಯ ಪೋಷಕರು ಹರಾಜು, ಔತಣ ಮಾಡಿ ರಾಶಿ ದುಡ್ಡು ಎತ್ತುತ್ತಾರೆ, ಅದರಲ್ಲಿ ಸಂಗೀತದ ಟೀಚರ್, ಹೊಸ ಲೈಬ್ರರಿ ಬರುತ್ತದೆ. ಪಕ್ಕದ ಬಡ ಬಡಾವಣೆಯ ಶಾಲೆಗೆ ಕೇಕ್ ಮಾರಿ ಬಂದ ಪುಡಿಗಾಸು. ಎರಡೂ ಸರ್ಕಾರಿ ಶಾಲೆಗಳೇ. ಪೋಷಕರ ಸಂಘವೇ ಅಂತರ ಹೆಚ್ಚಿಸುವ ಹಾಗೆ ಆದರೆ ಬರ್ನಿ ಅಂಥವರು ಶುರುಮಾಡಿದ ಕೆಲಸ ತಲೆಕೆಳಗಾದ ಹಾಗೆ.

ಜಪಾನ್‌ನಲ್ಲಿ ಪಿಟಿಎ ತುಂಬಾ ಕಟ್ಟುನಿಟ್ಟು ಅಂತ ಕೇಳಿದ್ದೇನೆ, ನಿಜವಾ?

ನಿಜ. ಅಲ್ಲಿಗೆ ಪಿಟಿಎ ಹೋಗಿದ್ದು ಎರಡನೇ ಮಹಾಯುದ್ಧದ ನಂತರ, ಅಮೆರಿಕದ ಆಡಳಿತದ ಕಾಲದಲ್ಲಿ. ಮೊದಲು ಶಾಲೆಗೆ ದುಡ್ಡು ಸೇರಿಸಿಕೊಡುವ ಪೋಷಕರ ಗುಂಪುಗಳಿದ್ದವು. 1946ರಲ್ಲಿ ಬಂದ ಅಮೆರಿಕದ ಶಿಕ್ಷಣ ತಂಡ ಪಿಟಿಎ ಬೇಕು ಅಂತ ಹೇಳಿತು, 1947ರಲ್ಲಿ ಅಲ್ಲಿನ ಶಿಕ್ಷಣ ಸಚಿವಾಲಯ ಕೈಪಿಡಿ ಹೊರತಂದಿತು, ಕೆಲವೇ ವರ್ಷಗಳಲ್ಲಿ ಬಹುತೇಕ ಎಲ್ಲ ಶಾಲೆಗಳಲ್ಲೂ ಆಯಿತು.

1960ರಲ್ಲಿ ಬೆಲ್ ಮಾರ್ಕ್ ಅಂತ ಒಂದು ಯೋಜನೆ ಬಂತು. ದಿನಸಿ ಪೊಟ್ಟಣಗಳ ಮೇಲೆ ಗಂಟೆಯ ಚಿಕ್ಕ ಗುರುತು ಇರುತ್ತದೆ. ಅದನ್ನು ಕತ್ತರಿಸಿ ಶಾಲೆಗೆ ಕೊಡಬೇಕು. ತಾಯಂದಿರು ಒಂದೆಡೆ ಕೂತು ಕಂಪನಿವಾರು ವಿಂಗಡಿಸಿ, ಎಣಿಸಿ, ಕಳಿಸಬೇಕು. ಅದರ ಅಂಕಗಳಿಂದ ಶಾಲೆಗೆ ಸಾಮಾನು ಬರುತ್ತದೆ. ಕೂಲಿ ಲೆಕ್ಕ ಹಾಕಿದರೆ ಆ ಸಾಮಾನು ನೇರವಾಗಿ ಕೊಂಡುಕೊಳ್ಳುವುದೇ ಅಗ್ಗ ಅಂತ ಅಲ್ಲಿನ ಪೋಷಕರೇ ಈಗ ಹೇಳುತ್ತಾರೆ. ಕಾನೂನಿನ ಪ್ರಕಾರ ಸದಸ್ಯತ್ವ ಕಡ್ಡಾಯವಲ್ಲ, ಆದರೆ ಅನೇಕ ಶಾಲೆಗಳಲ್ಲಿ ಮಗು ಸೇರಿದ ಕೂಡಲೇ ಪೋಷಕರು ತಂತಾನೇ ಸದಸ್ಯರಾಗಿಬಿಡುತ್ತಾರೆ. ಈ ಬಗ್ಗೆ ಅಲ್ಲಿ ಜೋರು ಚರ್ಚೆ ನಡೆಯುತ್ತಿದೆ.

ನಮ್ಮ ದೇಶಕ್ಕೆ ಹೇಗೆ ಬಂತು?

ಒಂದೇ ಸಂಘಟನೆಯಾಗಿ ಬರಲಿಲ್ಲ. ಮಿಷನ್ ಶಾಲೆ, ಖಾಸಗಿ ಶಾಲೆಗಳಲ್ಲಿ ಪಿಟಿಎ ಇದ್ದವು. ಸರ್ಕಾರಿ ಶಾಲೆಗಳ ವಿಷಯದಲ್ಲಿ 1986ರ ರಾಷ್ಟ್ರೀಯ ಶಿಕ್ಷಣ ನೀತಿ ಮತ್ತು 1992ರ ಕಾರ್ಯಯೋಜನೆ ಗ್ರಾಮ ಶಿಕ್ಷಣ ಸಮಿತಿಗಳ ಬಗ್ಗೆ ಹೇಳಿದವು. ಆ ಸಮಿತಿಗಳಲ್ಲಿ ಊರಿನ ಪ್ರಮುಖರು ಇರುತ್ತಿದ್ದರು, ಮಗುವನ್ನು ಆ ಶಾಲೆಗೆ ಕಳಿಸುವ ಪೋಷಕರಿಗೆ ಅಷ್ಟು ಜಾಗ ಇರಲಿಲ್ಲ. 2002ರಲ್ಲಿ ಮಧ್ಯಪ್ರದೇಶ ಜನಶಿಕ್ಷಾ ಅಧಿನಿಯಮ ತಂದು ಶಾಲೆಗಳಲ್ಲಿ ಪಾಲಕ–ಶಿಕ್ಷಕ ಸಂಘಕ್ಕೆ ಕಾನೂನಿನ ಬಲ ಕೊಟ್ಟಿತು. ಕೇರಳದಲ್ಲಿ ಪಿಟಿಎ ಮೊದಲಿಂದಲೂ ಜೋರು.

ಕಾಸರಗೋಡಿನ ಕನ್ನಡ ಶಾಲೆಗಳಲ್ಲಿ ಎಂಪಿಟಿಎ ಅಂತಾರಲ್ಲ, ಅದೇನು?

ತಾಯಂದಿರ ಪಿಟಿಎ. ಕೇರಳದ ಶಾಲೆಗಳಲ್ಲಿ ಪಿಟಿಎ ಜೊತೆಗೆ ತಾಯಂದಿರದೇ ಒಂದು ಸಮಿತಿ ಇರುತ್ತದೆ, ಕಾಸರಗೋಡು ಆ ರಾಜ್ಯಕ್ಕೆ ಸೇರಿರುವುದರಿಂದ ಅಲ್ಲಿನ ಕನ್ನಡ ಮಾಧ್ಯಮ ಶಾಲೆಗಳಲ್ಲೂ ಇದೆ. ಗಡಿ ದಾಟಿ ಮಂಗಳೂರು ಕಡೆ ಬಂದರೆ ರಕ್ಷಕ–ಶಿಕ್ಷಕ ಸಂಘ ಅನ್ನುವ ಮಾತು ಕೇಳುತ್ತೀರಿ, ಸರ್ಕಾರಿ ಶಾಲೆಯಾದರೆ ಎಸ್‌ಡಿಎಂಸಿ.

ಎಸ್‌ಡಿಎಂಸಿ ಮತ್ತು ಪಿಟಿಎ ಒಂದೇನಾ?

ಅಲ್ಲ, ಈ ಗೊಂದಲ ತುಂಬಾ ಜನಕ್ಕಿದೆ. ಪಿಟಿಎ ಅಂದರೆ ಸಂಘ, ಇಷ್ಟವಿದ್ದವರು ಸೇರಬಹುದು. ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಸರ್ಕಾರದ ಆದೇಶದಿಂದ ಹುಟ್ಟಿದ್ದು, ಅಧಿಕಾರ ಇರುವಂಥದ್ದು.

ಎಸ್‌.ಎಂ. ಕೃಷ್ಣ ಅವರು ಮುಖ್ಯಮಂತ್ರಿಯಾಗಿದ್ದಾಗ ವಿಜ್ಞಾನಿ ರಾಜಾ ರಾಮಣ್ಣ ಅವರ ಮುಂದಾಳತ್ವದಲ್ಲಿ ಶಿಕ್ಷಣ ಕಾರ್ಯಪಡೆ ರಚನೆಯಾಗಿತ್ತು. ಅದರ ಸಲಹೆಯ ಮೇಲೆ 2001ರ ಏಪ್ರಿಲ್‌ನಲ್ಲಿ ಎಸ್‌ಡಿಎಂಸಿ ಆದೇಶ ಹೊರಬಿತ್ತು. ಹೊಸತೇನು ಅಂದರೆ, ಇಡೀ ಊರಿಗೊಂದು ಸಮಿತಿ ಬದಲು ಒಂದೊಂದು ಶಾಲೆಗೂ ಒಂದು ಸಮಿತಿ, ಮತ್ತು ಸದಸ್ಯರನ್ನು ಆರಿಸುವವರು ಆ ಶಾಲೆಯ ಮಕ್ಕಳ ಪೋಷಕರೇ. ಅಧ್ಯಕ್ಷರೂ ಪೋಷಕರೇ, ಮುಖ್ಯ ಶಿಕ್ಷಕರು ಕಾರ್ಯದರ್ಶಿ. ಕೂಲಿಗೆ ಹೋಗುವ ತಾಯಿ ಹೆಡ್‌ಮಾಸ್ಟರ್ ಜೊತೆ ಬ್ಯಾಂಕ್ ಖಾತೆಗೆ ಜಂಟಿ ಸಹಿ ಹಾಕುವ ಹಾಗಾಯಿತು. ಇದು ಸಣ್ಣ ಬದಲಾವಣೆ ಅಲ್ಲ. 2006ರಲ್ಲಿ ಹೊಸ ಬೈಲಾ ಮಾಡಿ ಇವನ್ನು ಪಂಚಾಯತ್ ರಾಜ್ ಕಾಯ್ದೆಯ ಕೆಳಗೆ ತಂದರು. ಇವುಗಳ ಪರವಾಗಿ ವರ್ಷಗಟ್ಟಲೆ ದನಿಯೆತ್ತಿದವರಲ್ಲಿ ಶಿಕ್ಷಣ ತಜ್ಞ ನಿರಂಜನಾರಾಧ್ಯ ವಿ.ಪಿ. ಅವರ ಹೆಸರು ಮುಖ್ಯ. ಊರೂರಿನ ಎಸ್‌ಡಿಎಂಸಿಗಳು ಸೇರಿ ಸಮನ್ವಯ ವೇದಿಕೆ ಕಟ್ಟಿಕೊಂಡಿವೆ. ಇದನ್ನು ನೋಡಿದಾಗ ನನಗೆ ಬರ್ನಿ, ಬಟ್ಲರ್ ಅವರ ದಾರಿ ಇಲ್ಲಿ ಮುಂದುವರಿದ ಹಾಗೆ ಕಾಣುತ್ತದೆ, ಯಾಕಂದ್ರೆ ಶಾಲೆಯೊಂದರ ಪೋಷಕರು ಪಕ್ಕದೂರಿನ ಶಾಲೆಯ ಪೋಷಕರ ಜೊತೆ ಸೇರಿದಾಗ ಮಾತ್ರ ಬೇಡಿಕೆ ಬೆಂಗಳೂರಿನವರೆಗೆ ಮುಟ್ಟುತ್ತದೆ.

ಶಿಕ್ಷಣ ಹಕ್ಕು ಕಾಯ್ದೆ ಬಂದ ಮೇಲೆ ಏನಾಯಿತು?

2009ರ ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಾಯಿತು. ಅದರ 21ನೇ ಸೆಕ್ಷನ್ ಪ್ರಕಾರ ಶಾಲಾ ಸಮಿತಿಯ ನಾಲ್ಕರಲ್ಲಿ ಮೂರು ಪಾಲು ಸದಸ್ಯರು ಪೋಷಕರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧ ಹೆಂಗಸರು, ಹಿಂದುಳಿದ ಮತ್ತು ದುರ್ಬಲ ವರ್ಗದ ಮಕ್ಕಳ ಪೋಷಕರಿಗೆ ಅವರ ಸಂಖ್ಯೆಗೆ ತಕ್ಕ ಜಾಗ. 22ನೇ ಸೆಕ್ಷನ್ ಪ್ರಕಾರ ಶಾಲಾ ಅಭಿವೃದ್ಧಿ ಯೋಜನೆಯನ್ನು ಈ ಸಮಿತಿಯೇ ಮಾಡಬೇಕು. ಅನುದಾನ ಹೇಗೆ ಖರ್ಚಾಯಿತು ಅಂತ ನೋಡುವುದೂ ಅದರ ಕೆಲಸ. ಅಮೆರಿಕದ ಪಿಟಿಎಗೆ ಇಂಥ ಕಾನೂನಿನ ಅಧಿಕಾರ ಯಾವತ್ತೂ ಇರಲಿಲ್ಲ. ಅವರು ಹೊರಗೆ ನಿಂತು ಕೇಳಿದರು, ನಾವು ಒಳಗೆ ಕೂತು ಕೇಳಬಹುದು.

ಆದರೆ ಕಾಗದದ ಮೇಲಿನ ಅಧಿಕಾರ ಮತ್ತು ಶಾಲೆಯಲ್ಲಿ ನಡೆಯುವುದು ಬೇರೆ. ನಮ್ಮ ಕಡೆಯ ಒಂದು ಶಾಲೆಯಲ್ಲಿ ನಾನೇ ನೋಡಿದ್ದು: ಬಿಸಿಯೂಟ ಮುಗಿದ ಮೇಲೆ ನಡಾವಳಿ ಪುಸ್ತಕ ಕೈಯಿಂದ ಕೈಗೆ ಹೋಗುತ್ತದೆ, ಪುಟದ ಮೇಲರ್ಧ ಖಾಲಿ, ಕೆಳಗೆ ಹನ್ನೆರಡು ತಾಯಂದಿರ ಸಹಿ. ಏನು ತೀರ್ಮಾನ ಅಂತ ಆಮೇಲೆ ಬರೆಯುತ್ತಾರಂತೆ. ಆ ತಾಯಂದಿರಿಗೆ ಕಾಳಜಿ ಇಲ್ಲ ಅಂತಲ್ಲ. ಬರುವಾಗ ಮಗುವಿನ ಚಪ್ಪಲಿ ಕಿತ್ತುಹೋಗಿದೆ, ಶೌಚಾಲಯದಲ್ಲಿ ನೀರಿಲ್ಲ ಅಂತ ತಮ್ಮತಮ್ಮಲ್ಲೇ ಮಾತಾಡಿಕೊಂಡೇ ಬಂದಿದ್ದರು. ಅದನ್ನು ಸಭೆಯಲ್ಲಿ ಹೇಳಬಹುದು ಅಂತ ಯಾರೂ ಅವರಿಗೆ ಹೇಳಿರಲಿಲ್ಲ.

ಖಾಸಗಿ ಶಾಲೆಗೆ ಇದು ಅನ್ವಯಿಸುತ್ತಾ?

ಅನುದಾನರಹಿತ ಖಾಸಗಿ ಶಾಲೆಗಳಿಗೆ 21ನೇ ಸೆಕ್ಷನ್ ಅನ್ವಯಿಸುವುದಿಲ್ಲ. ಮಹಾರಾಷ್ಟ್ರ 2011ರಲ್ಲಿ ಶುಲ್ಕ ನಿಯಂತ್ರಣ ಕಾಯ್ದೆ ಮಾಡಿ, ಶಾಲೆಯ ಶುಲ್ಕಕ್ಕೆ ಪೋಷಕ–ಶಿಕ್ಷಕ ಸಂಘದ ಕಾರ್ಯಕಾರಿ ಸಮಿತಿ ಒಪ್ಪಿಗೆ ಕೊಡಬೇಕು, ಆ ಸಮಿತಿಗೆ ಪೋಷಕರನ್ನು ಚೀಟಿ ಎತ್ತಿ ಆರಿಸಬೇಕು ಅಂತ ಮಾಡಿದೆ. ಮುಂಬೈ, ಸೋಲಾಪುರದ ಕನ್ನಡಿಗ ಪೋಷಕರಿಗೆ ಇದು ಗೊತ್ತಿರಲಿ.

ಶಿಕ್ಷಕರನ್ನು ತರಾಟೆಗೆ ತೆಗೆದುಕೊಳ್ಳೋಕೆ ಈ ಸಮಿತಿ ಅಲ್ವಾ?

ಅಲ್ಲ ಮಾರಾಯ್ರೆ. ಶಿಕ್ಷಕರಿಗೆ ಪಾಠವಲ್ಲದ ಕೆಲಸದ ಹೊರೆ ಹಾಕದಂತೆ ನೋಡಿಕೊಳ್ಳುವುದೂ ಕೇಂದ್ರದ ಮಾದರಿ ನಿಯಮಗಳ ಪ್ರಕಾರ ಸಮಿತಿಯ ಕೆಲಸವೇ. ಜನಗಣತಿ, ಚುನಾವಣೆ, ವಿಪತ್ತು ಪರಿಹಾರ ಬಿಟ್ಟು ಬೇರೆ ಕೆಲಸಕ್ಕೆ ಅವರನ್ನು ಕಳಿಸಬಾರದು ಅಂತ ಶಿಕ್ಷಣ ಹಕ್ಕು ಕಾಯ್ದೆಯೇ ಹೇಳುತ್ತದೆ. ಒಬ್ಬರೇ ಟೀಚರ್ ನಾಲ್ಕು ತರಗತಿ ನೋಡಿಕೊಳ್ಳುವ ಶಾಲೆಯಲ್ಲಿ ಅವರ ಮೇಲೆ ಕೂಗಾಡಿದರೆ ಏನು ಬಂತು? ಇನ್ನೊಬ್ಬ ಟೀಚರ್ ಕೊಡಿ ಅಂತ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಸಮಿತಿಯ ನಿರ್ಣಯ ಕಳಿಸಿದರೆ ಅದು ಶಿಕ್ಷಕರ ಪರವಾಗಿಯೂ ಹೋದ ಹಾಗಾಯಿತು. ಪೋಷಕರ ಜೊತೆ ಶಿಕ್ಷಕರೂ ಒಂದೇ ಸಂಘದಲ್ಲಿ ಇರಲಿ ಅಂತ ನೂರು ವರ್ಷದ ಹಿಂದೆಯೇ ಯೋಚಿಸಿದ್ದು ಇದಕ್ಕೇ.

ನನಗೆ ಓದು ಬರಹ ಅಷ್ಟಾಗಿ ಬರಲ್ಲ. ಸದಸ್ಯಳಾಗಿ ಏನು ಮಾಡಲಿ?

ಬೇಕಾದಷ್ಟು ಮಾಡಬಹುದು. ಬಿಸಿಯೂಟದ ಅಕ್ಕಿ ಮೂಟೆ ಮುಟ್ಟಿ ನೋಡಿದರೆ ಹುಳ ಹಿಡಿದಿದೆಯಾ ಅಂತ ನಿಮಗೆ ಯಾವ ಅಧಿಕಾರಿಗಿಂತಲೂ ಚೆನ್ನಾಗಿ ಗೊತ್ತಾಗುತ್ತದೆ. ಶೌಚಾಲಯದ ಬಾಗಿಲು ತೆಗೆದು ನೋಡಿ, ನಲ್ಲಿ ತಿರುಗಿಸಿ ನೋಡಿ. ಈ ವರ್ಷ ಅನುದಾನ ಎಷ್ಟು ಬಂತು, ಯಾವುದಕ್ಕೆ ಖರ್ಚಾಯಿತು ಅಂತ ಬಾಯಲ್ಲೇ ಕೇಳಿ, ಬಿಲ್ ತೋರಿಸಿ ಅನ್ನಿ. ಮೂರು ದಿನದಿಂದ ಶಾಲೆಗೆ ಬರದ ಮಗುವಿನ ಮನೆ ನಿಮ್ಮ ಬೀದಿಯಲ್ಲೇ ಇದ್ದರೆ ಹೋಗಿ ವಿಚಾರಿಸಿ. ಸಭೆ ತಿಂಗಳಿಗೊಮ್ಮೆಯಾದರೂ ನಡೆಯಬೇಕು, ನಡಾವಳಿ ಜನರಿಗೆ ಸಿಗುವಂತಿರಬೇಕು ಅಂತ ಮಾದರಿ ನಿಯಮಗಳಲ್ಲಿ ಬರೆದಿದೆ. ಹಾಗಾಗಿ ಪುಸ್ತಕ ನಿಮ್ಮ ಕೈಗೆ ಬಂದಾಗ, "ಏನು ಬರೆದಿದ್ದೀರಿ ಮೇಷ್ಟ್ರೇ, ಎಲ್ಲರಿಗೂ ಕೇಳೋ ಹಾಗೆ ಒಂದ್ಸಲ ಓದಿ" ಅಂತ ಹೇಳಿ. ಓದಿ ಮುಗಿಸಿದ ಮೇಲೆ, ನೀವು ಹೇಳಿದ ಮಾತು ಅದರಲ್ಲಿ ಬಂದಿದ್ದರೆ ಸಹಿ ಹಾಕಿ. ಬಂದಿಲ್ಲದಿದ್ದರೆ ಮೊದಲು ಬರೆಸಿ, ಆಮೇಲೆ ಹೆಬ್ಬೆಟ್ಟು ಒತ್ತಿದರೂ ಅದಕ್ಕೆ ಸಹಿಯಷ್ಟೇ ಬೆಲೆ ಇದೆ.